ತಾನೇ ಜಾಗ ಹಿಡಿದ ಮರಿಸಿದ್ದ

ಕೇಳಲು ಕೂತವರು ಆಗಾಗ ಹೂಂ ಅನ್ನಬೇಕು. ನಿದ್ದೆ ಬರುವವರು ಈಗಲೇ ಎದ್ದು ಹೋಗಿ. ಅರ್ಧದಲ್ಲಿ ತೂಕಡಿಸಿ ಆಮೇಲೆ ಏನಾಯ್ತು ಅಂತ ಕೇಳಿದರೆ ನಾನು ಮತ್ತೆ ಮೊದಲಿಂದ ಹೇಳುವವನಲ್ಲ.

ಮಲ್ಲಿಗೆರೆ ಪೇಟೆಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಬಟ್ಟೆ ಇಸ್ತ್ರಿ ಮಾಡುವವಳು. ಪೋಸ್ಟಾಫೀಸಿನ ಎದುರು ಹೊಂಗೆ ಮರದ ಕೆಳಗೆ ಅವಳ ತಳ್ಳುಗಾಡಿ, ಗಾಡಿಯ ಮೇಲೆ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ಊರವರ ಬಟ್ಟೆಯ ಗಂಟು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ, ಮರಿಸಿದ್ದ. ಆಳು ಎಷ್ಟು ಎತ್ತರ ಅಂದರೆ ಬಗ್ಗದೆ ಬಾಗಿಲು ದಾಟುವ ಹಾಗಿಲ್ಲ. ಮನಸ್ಸು ಹಾಲಿನಂಥದು. ಬುದ್ಧಿಯ ವಿಷಯ ಮಾತ್ರ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವನ ಕಾಯಿಲೆ.

ಒಂದು ದಿನ ಚಿಕ್ಕತಾಯಮ್ಮ ಒಂದು ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ನಲ್ಲಿಯಲ್ಲಿ ನೀರು ಬಂತು ಅಂತ ಯಾರೋ ಕೂಗಿದರು. ಪೆಟ್ಟಿಗೆ ಅಲ್ಲೇ ಬಿಟ್ಟು ಕೊಡ ಎತ್ತಿಕೊಂಡಳು.

"ಪೆಟ್ಗೆ ಮುಟ್ಬೇಡ ಕಣೋ ಮಗ, ಕೈ ಸುಟ್ಕೊಂಡೀಯ. ಸುಮ್ನೆ ನೋಡ್ತಾ ಇರು."

"ಹೂನವ್ವ."

ಮರಿಸಿದ್ದ ನೋಡುತ್ತ ನಿಂತ. ಹೊಗೆ ಬಂತು, ನೋಡಿದ. ವಾಸನೆ ಬಂತು, ನೋಡಿದ. ಅಂಗಿಯ ಬೆನ್ನಿನಲ್ಲಿ ಪೆಟ್ಟಿಗೆಯಷ್ಟೇ ಅಗಲದ ತೂತು ಬಿತ್ತು, ಅದನ್ನೂ ನೋಡಿದ. ಅವ್ವ ಓಡಿ ಬಂದು ಪೆಟ್ಟಿಗೆ ಎತ್ತಿ ತಲೆಯ ಮೇಲೆ ಕೈ ಹೊತ್ತು ಕೂತಳು.

"ಸುಡ್ತಾ ಇತ್ತಲ್ಲೋ, ಎತ್ಬಾರ್ದಿತ್ತಾ?"

"ಮುಟ್ಬೇಡ ಅಂದಿದ್ಯಲ್ಲವ್ವ."

"ಅಯ್ಯೋ ನನ್ ಕರ್ಮವೇ. ನಾನಿರೋವರ್ಗೂ ಸರಿ. ನಾನು ಕಣ್ಮುಚ್ಚಿದ್ಮೇಲೆ ನಿನಗೆ ಅಂತ ಒಂದು ಜಾಗ ಯಾರೋ ಕೊಡ್ತಾರೆ?"

ಮರಿಸಿದ್ದನಿಗೂ ಗೊತ್ತಿರಲಿಲ್ಲ. ಆದರೆ ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಾಗಲೆಲ್ಲ ಅವನೂ ಅಂಗಿಯ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಂಗಿ ಝೆರಾಕ್ಸ್ ಅಂಗಡಿಯ ಅನ್ವರ್ ಸಾಬರದು. ಸಾಬರು ಕೂಗಾಡಬೇಕು ಅಂತಲೇ ಬಂದರು. ತೂತಿನೊಳಗೆ ಕೈ ತೂರಿಸಿ ಬೆರಳಾಡಿಸಿ ನೋಡಿದರು. ನಡೆದದ್ದನ್ನು ಕೇಳಿದ ಮೇಲೆ ಅವರ ಕೋಪ ಅರ್ಧಕ್ಕೇ ನಿಂತಿತು.

"ಹೇಳಿದ್ದನ್ನ ಬಿಟ್ಟು ಬೇರೆ ಏನೂ ಮಾಡಲ್ವಾ ಇವನು?"

"ಸತ್ರೂ ಮಾಡಲ್ಲ ಸಾಬ್ರೇ."

"ನನ್ನ ಅಂಗಡೀಲಿರೋ ಕಂಪ್ಯೂಟರುಗಳೂ ಅಷ್ಟೇನಮ್ಮ. ಅವುಗಳ ಜೊತೆ ಇವನೂ ಒಬ್ಬ ಇರ್ಲಿ. ನಾಳೆಯಿಂದ ಕಳ್ಸು."

ಚಿಕ್ಕತಾಯಮ್ಮ ಹೊಂಗೆ ಮರಕ್ಕೇ ಕೈ ಮುಗಿದಳು. ಮಗನಿಗೆ ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೆಗೆದು, ಬುದ್ಧಿ ಹೇಳಿದಳು: "ಸಾಬ್ರು ಹೇಳಿದ್ದು ಮಾಡು. ಹೇಳ್ದೇ ಇದ್ದದ್ದು ಮಾಡ್ಬೇಡ. ಈ ಜಾಗ ಒಂದು ಉಳಿಸ್ಕೊ ಮಗ."

ಮರಿಸಿದ್ದ ಅಂಗಡಿಗೆ ಹೋದ. ಬಾಗಿಲಲ್ಲಿ ನಿಂತ. ಒಳಗೆ ಬಾ ಅಂತ ಯಾರೂ ಹೇಳಲಿಲ್ಲ, ನಿಂತೇ ಇದ್ದ. ಗಿರಾಕಿಗಳು ಅವನ ಕಂಕುಳ ಕೆಳಗೆ ನುಸುಳಿ ಒಳಗೆ ಬಂದರು, ಮತ್ತೆ ನುಸುಳಿ ಹೊರಗೆ ಹೋದರು. ಒಬ್ಬ ಮುದುಕ ಅವನನ್ನು ಕಂಬ ಅಂದುಕೊಂಡು ಒರಗಿಕೊಂಡು ಬೀಡಿ ಹಚ್ಚಿದ. ಊಟದ ಹೊತ್ತಿಗೆ ಸಾಬರು ತಲೆ ಎತ್ತಿ ನೋಡಿದರು.

"ಯಾಕೋ ಬೆಳಗ್ಗೆಯಿಂದ ಅಲ್ಲೇ ನಿಂತಿದೀಯ?"

"ಎಲ್ಲಿ ಕೂತ್ಕೋ ಅಂತ ಹೇಳ್ಲಿಲ್ವಲ್ಲ ಅಣ್ಣ."

ಸಾಬರು ಹಣೆ ಚಚ್ಚಿಕೊಂಡರು. ಅವನ ಕೈ ಹಿಡಿದು ಎಳೆದು ಕಂಪ್ಯೂಟರಿನ ಮುಂದೆ ನಿಲ್ಲಿಸಿ ಪರದೆಯ ಮೇಲೆ ಬೆರಳಿಟ್ಟರು.

"ಇಲ್ನೋಡು. ನೂರ ಅರವತ್ತೊಂಬತ್ತು, ಚುಕ್ಕಿ, ಇನ್ನೂರ ಐವತ್ನಾಲ್ಕು. ಮುಂದೆ ಇನ್ನೇನೋ ಇದೆ. ಮನೆಗೆ ನಂಬರ್ ಇದ್ದಂಗೆ ಈ ಮಿಷಿನ್ನಿಗೆ ಇದು ನಂಬರು. ಯಾರು ಕೊಟ್ರು ಇದಕ್ಕೆ? ಯಾರೂ ಕೊಡ್ಲಿಲ್ಲ. ನಂಬರ್ ಹಂಚೋ ಡಬ್ಬ, ರೂಟರು, ಸಿಡಿಲು ಹೊಡೆದು ಮೂಲೇಲಿ ಬಿದ್ದಿದೆ. ಇದು ಏನ್ ಮಾಡ್ತು? ಯಾರಾದ್ರೂ ಕೊಡ್ತೀರಾ ಅಂತ ಕೇಳ್ತು, ಸ್ವಲ್ಪ ಹೊತ್ತು ಕಾಯ್ತು, ಕೊಡೋರು ಇಲ್ಲ ಅಂತ ಗೊತ್ತಾದ್ಮೇಲೆ ತಾನೇ ಒಂದು ನಂಬರ್ ಹಿಡ್ಕೊಂಡು ಕೆಲಸಕ್ಕೆ ಕೂತ್ಕೊಳ್ತು. ಪ್ರಿಂಟರೂ ಹಂಗೇ. ಎರಡೂ ಮಾತಾಡ್ಕೊಂಡು ಕಾಗದ ಹೊರಗೆ ಬಿಡ್ತಾ ಇಲ್ವಾ? ಈ ತಗಡಿಗಿರೋ ಬುದ್ಧಿ ನಿನಗೆ ಬೇಡ್ವೇನೋ? ಕೊಡೋರಿಲ್ದಿದ್ರೆ ನೀನೇ ಒಂದು ಜಾಗ ಹಿಡ್ಕೊಬೇಕು."

"ಹೂನಣ್ಣ. ಕೊಡೋರಿಲ್ದಿದ್ರೆ ನಾನೇ ಹಿಡ್ಕೊಬೇಕು."

ಮೂಲೆಯಲ್ಲಿ ಒಂದು ಸ್ಟೂಲಿತ್ತು. ಮರಿಸಿದ್ದ ಅದನ್ನು ಹಿಡಿದುಕೊಂಡು ಕೂತ. ಸಾಬರಿಗೆ ಸಮಾಧಾನವಾಯಿತು. ಪಾಪ, ಅವರಿಗೆ ಇನ್ನೂ ಇವನ ಪರಿಚಯ ಸಾಲದು.

ಮಾರನೇ ದಿನ ಹಲ್ಲಿನ ಡಾಕ್ಟರಮ್ಮನ ಶಾಪಿಗೆ ಚೀಟಿಗಳ ಕಟ್ಟು ಕೊಟ್ಟು ಬಾ ಅಂತ ಕಳಿಸಿದರು. ಮರಿಸಿದ್ದ ದಾರಿಯುದ್ದಕ್ಕೂ, ಕೊಡೋರಿಲ್ದಿದ್ರೆ ನಾನೇ ಹಿಡ್ಕೊಬೇಕು, ಕೊಡೋರಿಲ್ದಿದ್ರೆ ನಾನೇ ಹಿಡ್ಕೊಬೇಕು ಅಂತ ಬಾಯಿಪಾಠ ಮಾಡಿಕೊಂಡು ಹೋದ. ಅಲ್ಲಿ ನೋಡಿದರೆ ಬೆಂಚು ತುಂಬ ಜನ. ಡಾಕ್ಟರಮ್ಮ ಇನ್ನೂ ಬಂದಿಲ್ಲ. ಕೂತ್ಕೋ ಅನ್ನುವವರು ಯಾರೂ ಇಲ್ಲ. ಒಳಕೋಣೆಯಲ್ಲಿ ಒಂದು ಚಕ್ರದ ಕುರ್ಚಿ ಖಾಲಿ ಇತ್ತು. ಹೋಗಿ ಹಿಡಿದುಕೊಂಡ. ಅದರ ಮುಂದೆ ಉದ್ದನೆಯ ಕುರ್ಚಿಯ ಮೇಲೆ ಒಬ್ಬ ದಪ್ಪ ಮನುಷ್ಯ ಮಲಗಿದ್ದ. ಕೆನ್ನೆ ಊದಿತ್ತು, ಕಣ್ಣು ಮುಚ್ಚಿತ್ತು.

"ಡಾಕ್ಟ್ರೇ, ಬಾಯಿ ತೆಗೀಲಾ?"

"ತೆಗೀರಿ."

"ಏನ್ ಕಾಣ್ತಿದೆ?"

"ನಾಲ್ಗೆ."

"ಅದ್ರ ಪಕ್ಕದ್ದು. ಕೀಳ್ಬೇಕಾ?"

"ಅದು ನಿಮ್ಮಿಷ್ಟ."

ಆ ಮನುಷ್ಯನಿಗೆ ಇಷ್ಟು ಒಳ್ಳೆಯ ಡಾಕ್ಟರು ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೀಳಿಸುವುದು ನನಗಿಷ್ಟವಿಲ್ಲ ಅಂತ ಎದ್ದು ಕೈ ಮುಗಿದು ಹೊರಟೇ ಹೋದ. ಹೊರಗೆ ಕೂತವರಿಗೂ ಸುದ್ದಿ ಹೇಳಿದ, ಬಾಯಿ ನೋಡಿಸಿಕೊಳ್ಳಲು ಸಾಲು ಬೆಳೆಯಿತು. ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಮುಂದಿನದು ನಾನು ಹೇಳುವುದು ಬೇಡ. ಸಾಬರ ಅಂಗಡಿಗೆ ಫೋನ್ ಬಂತು, ಸಾಬರು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದುಕೊಂಡು ಆ ಕಡೆಯ ಮಾತು ಕೇಳಿದರು.

"ಕಂಡೋರ ಕುರ್ಚೀಲಿ ಯಾಕೋ ಕೂತೆ?"

"ಖಾಲಿ ಇತ್ತಣ್ಣ. ಕೊಡೋರೂ ಇರ್ಲಿಲ್ಲ."

"ಲೋ, ಮಿಷಿನ್ನು ಹಂಗೆ ಸೀದಾ ಹೋಗಿ ಕೂರಲ್ಲ. ಮೊದ್ಲು ಕೇಳುತ್ತೆ. ತಂತೀಲಿರೋ ಎಲ್ರಿಗೂ ಕೇಳೋ ಹಂಗೆ, ಈ ನಂಬರಲ್ಲಿ ಯಾರಾದ್ರೂ ಇದೀರಾ ಅಂತ ಮೂರು ಸಲ ಕೂಗುತ್ತೆ. ಯಾರೂ ಓ ಅನ್ಲಿಲ್ಲ ಅಂದ್ರೆ ಆಗ ಕೂರೋದು. ಕೂತ್ಮೇಲೂ ಸುಮ್ನಿರಲ್ಲ, ಇನ್ಮೇಲೆ ಇಲ್ಲಿ ನಾನಿದೀನಿ ಅಂತ ಎಲ್ರಿಗೂ ಸಾರಿ ಹೇಳುತ್ತೆ. ಇದನ್ನ ಕಲ್ತ್ಕೊ."

"ಹೂನಣ್ಣ. ಮೂರು ಸಲ ಕೂಗ್ಬೇಕು. ಆಮೇಲೆ ಸಾರ್ಬೇಕು."

ಕಾಗದದ ಬಂಡಲು ತರಲು ಪಕ್ಕದ ಊರಿಗೆ ಹೋಗಬೇಕಾಗಿತ್ತು. ಮರಿಸಿದ್ದ ಬಸ್ ಹತ್ತಿದ. ಬಸ್ಸು ತುಂಬಿತ್ತು. ಕಿಟಕಿ ಪಕ್ಕದ ಒಂದು ಸೀಟಿನ ಮೇಲೆ ಮಾತ್ರ ಒಂದು ಕೆಂಪು ಟವಲು. ನಮ್ಮ ಕಡೆ ಬಸ್ಸಿನ ಧರ್ಮ ನಿಮಗೆಲ್ಲ ಗೊತ್ತು. ಕೆಳಗಿನಿಂದಲೇ ಕಿಟಕಿಯೊಳಗೆ ಟವಲು ಎಸೆದವನಿಗೆ ಸೀಟು. ಅವನು ಆಮೇಲೆ ಟೀ ಕುಡಿದು, ಎಲೆಅಡಿಕೆ ಹಾಕಿಕೊಂಡು ನಿಧಾನಕ್ಕೆ ಬಂದರೂ ಆ ಸೀಟು ಅವನದೇ. ಊರಲ್ಲಿ ಯಾರೂ ಮೀರದ ಕಾನೂನು ಅಂದರೆ ಅದೊಂದೇ.

ಮರಿಸಿದ್ದ ಸೀಟಿನ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡ.

"ಈ ಸೀಟಲ್ಲಿ ಯಾರಾದ್ರೂ ಇದೀರಾ?"

ಟವಲು ಮಾತಾಡಲಿಲ್ಲ.

"ಈ ಸೀಟಲ್ಲಿ ಯಾರಾದ್ರೂ ಇದೀರಾ?"

ಹಿಂದಿನ ಸೀಟಿನ ಮಗು ಎದ್ದು ಅಳತೊಡಗಿತು. ಟವಲು ಮಾತಾಡಲಿಲ್ಲ. ಮೂರನೇ ಸಲವೂ ಕೂಗಿ, ಟವಲು ಮಡಿಸಿ ಪಕ್ಕಕ್ಕಿಟ್ಟು ಕೂತುಕೊಂಡ. ಆಮೇಲೆ ಇಡೀ ಬಸ್ಸಿಗೆ ಸಾರಿದ: "ಇನ್ಮೇಲೆ ಇಲ್ಲಿ ಮರಿಸಿದ್ದ ಇದೀನಿ. ಎಲ್ರೂ ಕೇಳಿಸ್ಕೊಳಿ, ಇಲ್ಲಿ ಮರಿಸಿದ್ದ ಇದೀನಿ."

ಟವಲಿನ ಯಜಮಾನ ಬಂದ. ದೊಡ್ಡ ಮೀಸೆ, ದೊಡ್ಡ ಹೊಟ್ಟೆ.

"ಏಳಯ್ಯ, ಟವಲ್ ಹಾಕಿದೀನಿ."

"ಕೇಳ್ದೆ. ನಿಮ್ಮ ಟವಲ್ಲು ಓ ಅನ್ಲಿಲ್ಲ."

"ಸೀಟು ನಂದು."

"ನಂದು."

ಮೀಸೆ ಇವನ ತೊಡೆಯ ಮೇಲೇ ಕೂತಿತು. ಮರಿಸಿದ್ದ ಏಳಲಿಲ್ಲ. ನಂದು ಅಂತ ಇವನು, ನಂದು ಅಂತ ಅವನು. ಇಬ್ಬರ ಗಲಾಟೆಯಲ್ಲಿ ಕಂಡಕ್ಟರಿಗೆ ಟಿಕೆಟ್ ಹರಿಯಲು ಆಗಲಿಲ್ಲ, ಡ್ರೈವರಿಗೆ ಗೇರು ಹಾಕಲು ಮನಸ್ಸಾಗಲಿಲ್ಲ. ಕೊನೆಗೆ ಕೆರೆಯ ಏರಿಯ ಮೇಲೆ ಬಸ್ ನಿಲ್ಲಿಸಿ ಇಬ್ಬರನ್ನೂ ಇಳಿಸಿ ಸೀಟಿ ಊದಿದರು. ಸೀಟಿನಲ್ಲಿ ಅಳುವ ಮಗುವಿನ ತಾಯಿ ಕೂತಳು.

ಕಾಗದವಿಲ್ಲದೆ ನಡೆದುಕೊಂಡು ಬಂದವನಿಗೆ ಸಾಬರು ಬಾಯಿಗೆ ಬಂದಂತೆ ಬೈದರು. ಬೈದು ಸುಸ್ತಾದ ಮೇಲೆ ಮತ್ತೆ ಬುದ್ಧಿ ಹೇಳಿದರು. ಬುದ್ಧಿ ಹೇಳುವ ಚಟವೂ ಸಾಮಾನ್ಯದ್ದಲ್ಲ ನೋಡಿ.

"ಇಬ್ರು ಒಂದೇ ನಂಬರಿಗೆ ಬಿದ್ರೆ ಇಬ್ರೂ ಕೆಡ್ತಾರೆ ಕಣೋ. ಮಿಷಿನ್ನುಗಳು ಬಡಿದಾಡ್ತಾವಾ? ಒಂದು ಸಲ ನಂದು ಅನ್ನುತ್ತೆ. ಆ ಕಡೆಯೋನು ತಕ್ಷಣ ಮತ್ತೆ ನಂದು ಅಂದ್ರೆ, ಇರ್ಲಿ ಬಿಡಪ್ಪ ಅಂತ ಬಿಟ್ಟು, ಬೇರೆ ನಂಬರ್ ನೋಡ್ಕೊಳ್ಳುತ್ತೆ. ಜಗಳ ಅಲ್ಲಿಗೆ ಮುಗೀತು."

"ಹೂನಣ್ಣ. ಒಂದು ಸಲ ನಂದು ಅನ್ಬೇಕು. ಆಮೇಲೆ ಬಿಟ್ಟು ಬೇರೇದು ನೋಡ್ಕೊಬೇಕು."

ಹೊಸ ರೂಟರು ಮೈಸೂರಿನಿಂದ ಬಸ್ಸಿನಲ್ಲಿ ಪಾರ್ಸಲ್ ಬಂತು. ಬಿಡಿಸಿಕೊಂಡು ಬಾ ಅಂತ ಮರಿಸಿದ್ದನನ್ನೇ ಕಳಿಸಿದರು, ಬೇರೆ ಯಾರಿದ್ದಾರೆ ಕಳಿಸಲು? ಡಬ್ಬವನ್ನು ಎದೆಗೆ ಅವಚಿಕೊಂಡು ಬಸ್‌ಸ್ಟ್ಯಾಂಡಿನ ಕಟ್ಟೆ ದಾಟುತ್ತಿದ್ದ. ಬೆಳಗ್ಗೆಯೇ ಕುಡಿದು ಕಟ್ಟೆಯ ಮೇಲೆ ಒರಗಿದ್ದ ಒಬ್ಬನಿಗೆ ಡಬ್ಬ ಚೆನ್ನಾಗಿ ಕಂಡಿತು.

"ಏಯ್, ಆ ಡಬ್ಬ ನಂದು."

"ನಂದು," ಅಂದ ಮರಿಸಿದ್ದ, ಒಂದು ಸಲ.

"ನಂದು ಕಣೋ."

"ಇರ್ಲಿ ಬಿಡಪ್ಪ," ಅಂತ ಮರಿಸಿದ್ದ ಡಬ್ಬ ಅವನ ಕೈಗೆ ಕೊಟ್ಟುಬಿಟ್ಟ. ಕುಡುಕನಿಗೆ ಅಮಲೇ ಇಳಿದುಹೋಯಿತು. ಮರಿಸಿದ್ದ ಅತ್ತಿತ್ತ ನೋಡಿದ. ಬೇರೇದು ನೋಡ್ಕೊಬೇಕಲ್ಲ? ಕಟ್ಟೆಯ ಆ ತುದಿಯಲ್ಲಿ ಬಟ್ಟೆ ಮುಚ್ಚಿದ ಒಂದು ಮಂಕರಿ ಇತ್ತು. ಯಾರಾದ್ರೂ ಇದೀರಾ ಅಂತ ಮೂರು ಸಲ ಕೂಗಿದ. ಮಂಕರಿಯ ಯಜಮಾನಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಮಂಕರಿ ತಲೆಯ ಮೇಲೆ ಇಟ್ಟುಕೊಂಡು ಅಂಗಡಿಗೆ ಬಂದ.

ಸಾಬರು ಆಸೆಯಿಂದ ಬಟ್ಟೆ ತೆಗೆದರು. ಒಂದು ಹುಂಜ ಹಾರಿ ಬಂದು ಕೀಬೋರ್ಡಿನ ಮೇಲೆ ನಿಂತು ಕೂಗಿತು.

"ಏನೋ ಇದು?"

"ಡಬ್ಬ ಒಬ್ರು ನಂದು ಅಂದ್ರು ಅಣ್ಣ. ಬಿಟ್ಟೆ. ಬೇರೇದು ತಂದೆ."

"ಇದು ನಂಬರ್ ಕೊಡುತ್ತೇನೋ?"

"ಒತ್ತುತ್ತಾ ಇದೆಯಲ್ಲ ಅಣ್ಣ."

ನಿಜ, ಹುಂಜ ಅತ್ತಿಂದಿತ್ತ ನಡೆದು ಪರದೆಯ ತುಂಬ ನಂಬರು ತುಂಬಿತ್ತು. ಸಾಬರು ಸ್ಟೂಲಿನ ಮೇಲೆ ಕುಸಿದರು. ಡಬ್ಬದ ದುಡ್ಡು ಹೋಯಿತು, ಕಳ್ಳತನದ ಹುಂಜ ಮನೆಗೆ ಬಂತು. ಆಗಲೇ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಕಂಕುಳಲ್ಲಿ ರೂಟರಿನ ಡಬ್ಬ. ಹೆಸರು ರಾಜಮಣಿ, ಕೋಟೆ ಬೀದಿಯಲ್ಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುವವಳು.

"ಕುಡುಕನ ಕೈಲಿತ್ತು, ಕಿತ್ಕೊಂಡೆ. ಇದನ್ನ ಕೊಟ್ಟೋನೇ ನನ್ನ ಮಂಕರಿ ಹೊತ್ಕೊಂಡು ಹೋದ ಅಂದ. ಡಬ್ಬದ ಮೇಲೆ ನಿಮ್ಮ ಅಂಗಡಿ ಹೆಸ್ರಿತ್ತು. ನನ್ನ ಹುಂಜ ಕೊಡಿ."

ಸಾಬರು ನಡೆದದ್ದನ್ನೆಲ್ಲ ಹೇಳಿದರು. ರಾಜಮಣಿ ಮೊದಲು ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಬಾಯಿ ಬಿಟ್ಟು ನಕ್ಕಳು, ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು. ಹೋಗುವಾಗ ಮರಿಸಿದ್ದನ ಕಡೆ ತಿರುಗಿ ಕೇಳಿದಳು.

"ಒಂದೇ ಸಲ ನಂದು ಅಂದ್ರಾ? ಆಮೇಲೆ ಬಿಟ್ಕೊಟ್ರಾ?"

"ಹೂಂ. ಜಗಳ ಅಲ್ಲಿಗೆ ಮುಗೀತು."

"ನಮ್ಮನೇಲಿ ಅಣ್ಣಂದಿರು ಒಂದು ಗೋಡೆಗೋಸ್ಕರ ಹತ್ತು ವರ್ಷದಿಂದ ನಂದು ನಂದು ಅಂತಿದಾರೆ," ಅಂದಳು ರಾಜಮಣಿ. ಹುಂಜ ಎತ್ತಿಕೊಂಡು ಏನೋ ಯೋಚನೆ ಮಾಡುತ್ತ ಹೋದಳು.

ಸಾಬರಿಗೆ ಮಾತ್ರ ನಗು ಬರಲಿಲ್ಲ. "ಇನ್ಮೇಲೆ ನೀನು ಈ ಬೀದಿ ದಾಟ್ಬೇಡ. ತಾನೇ ಹಿಡ್ಕೊಂಡ ನಂಬರು ಆ ತಂತಿ ಒಳಗಷ್ಟೇ ನಡೆಯೋದು. ಅದನ್ನ ಹೊತ್ಕೊಂಡು ಹೊರಗೆ ಹೋಗ್ತೀನಿ ಅಂದ್ರೆ ಯಾವ ರೂಟರೂ ಬಿಡಲ್ಲ. ನಿನ್ನ ಆಟವೂ ಈ ಬೀದಿ ಒಳಗೇ ಇರ್ಲಿ."

"ಹೂನಣ್ಣ. ಬೀದಿ ದಾಟ್ಬಾರ್ದು."

ಅವತ್ತು ಸಂಜೆ ಅಂಗಡಿ ಮುಚ್ಚಿತು. ಮರಿಸಿದ್ದ ಬೀದಿಯ ಕೊನೆಗೆ ಬಂದು ನಿಂತ. ಎದುರಿಗೆ ಟಾರು ರಸ್ತೆ, ಆ ಕಡೆ ಹೊಂಗೆ ಮರ, ಮರದ ಕೆಳಗೆ ಅವ್ವನ ಗಾಡಿ. ಅವ್ವ ಕೈ ಬೀಸಿದಳು, ಇವನೂ ಬೀಸಿದ. ಅವ್ವ ಕರೆದಳು, ಇವನು ತಲೆ ಅಲ್ಲಾಡಿಸಿದ. ಮುದ್ದೆ ಸಾರು ಆರುತ್ತದೆ ಅಂದಳು. ಇವನ ಬಾಯಲ್ಲಿ ನೀರೂರಿತು, ಕಾಲು ಮಾತ್ರ ಎದ್ದು ಬರಲಿಲ್ಲ. ಕೊನೆಗೆ ಚಿಕ್ಕತಾಯಮ್ಮ ತಾನೇ ತಟ್ಟೆ ಹಿಡಿದುಕೊಂಡು ರಸ್ತೆ ದಾಟಿ ಬಂದಳು. ಅಷ್ಟೆತ್ತರದ ಮಗನನ್ನು ಬೀದಿಯ ಕಲ್ಲಿನ ಮೇಲೆ ಕೂರಿಸಿ ತುತ್ತು ಮಾಡಿ ಕೊಟ್ಟಳು. ಕೊಡುತ್ತ ಕೊಡುತ್ತ ಅವಳಿಗೆ ತಡೆಯಲಾಗಲಿಲ್ಲ.

"ಇವತ್ತು ನಾನು ದಾಟಿ ಬಂದೆ. ನಾಳೆ ನಾನಿಲ್ದೇ ಹೋದ್ರೆ ನಿನಗೆ ಈ ರಸ್ತೆ ಯಾರೋ ದಾಟಿಸ್ತಾರೆ? ಬಾ ಇಲ್ಲಿ, ಇದು ನಿನ್ನ ಜಾಗ ಅಂತ ಯಾರೋ ಹೇಳ್ತಾರೆ?"

ಮರಿಸಿದ್ದ ಅವ್ವನ ಸೆರಗಿನಿಂದಲೇ ಅವ್ವನ ಕಣ್ಣು ಒರೆಸಿದ. ಹೊಲಿಗೆ ತರಗತಿ ಮುಗಿಸಿ ಬರುತ್ತಿದ್ದ ರಾಜಮಣಿ ಆ ಕಲ್ಲಿನ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡು ನೆಟ್ಟಗೆ ಮನೆಗೆ ಹೋದಳು.

ಮಾರನೇ ದಿನ ರಾಜಮಣಿಯ ದೊಡ್ಡಣ್ಣ ಕೆಂಪರಾಜು ಇಸ್ತ್ರಿ ಗಾಡಿಯ ಹತ್ತಿರ ಬಂದು ಕೆಮ್ಮಿದ.

"ನಮ್ಮ ಹುಡುಗಿ ನಿಮ್ಮ ಮಗನ್ನೇ ಮಾಡ್ಕೊತೀನಿ ಅಂತಾಳೆ. ನಾವು ಹೇಳಿ ನೋಡಿದ್ವಿ. ಹೇಳಿದ ಮಾತನ್ನ ಹೇಳಿದಂಗೇ ಕೇಳೋ ಗಂಡ ಈ ಜಿಲ್ಲೇಲಿ ಇನ್ನೆಲ್ಲಿ ಸಿಗ್ತಾನೆ ಅಂತ ನಮಗೇ ಕೇಳ್ತಾಳೆ."

ಚಿಕ್ಕತಾಯಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಸಾಬರ ಅಂಗಡಿಗೆ ಓಡಿ ವಿಷಯ ಹೇಳಿದಳು. ಸಾಬರು ಆಗ ಹೊಸ ರೂಟರು ಗೋಡೆಗೆ ಹೊಡೆಯುತ್ತಿದ್ದರು. ಸುತ್ತಿಗೆ ಕೆಳಗಿಟ್ಟು ಮರಿಸಿದ್ದನನ್ನು ಕರೆದರು.

"ಪರದೆ ನೋಡ್ತಾ ಇರು," ಅಂದು ತಂತಿ ಸಿಕ್ಕಿಸಿದರು.

ನೂರ ಅರವತ್ತೊಂಬತ್ತು ಅಂತ ಇದ್ದ ನಂಬರು ಕಣ್ಣೆದುರಿಗೇ ಮಾಯವಾಗಿ, ಅಲ್ಲಿ ನೂರ ತೊಂಬತ್ತೆರಡು ಅಂತ ಬೇರೆ ನಂಬರು ಕೂತಿತು.

"ನೋಡಿದ್ಯಾ? ಕೊಡೋರು ಬರೋವರೆಗೆ ಮಾತ್ರ ತಾನು ಹಿಡ್ಕೊಂಡಿದ್ದು. ಕೊಡೋರು ಬಂದು ಕೊಟ್ಟ ತಕ್ಷಣ ತನ್ನದನ್ನ ಬಿಟ್ಟು, ಅವರು ಕೊಟ್ಟಿದ್ದನ್ನ ತಗೊಂಡ್ತು. ಈಗ ಇದು ಬೀದಿ ಏನು, ಲೋಕವೆಲ್ಲ ಸುತ್ತುತ್ತೆ. ನೀನೂ ಅಷ್ಟೇ. ಇನ್ನು ಎಲ್ಲಿ ಬೇಕಾದ್ರೂ ಹೋಗು. ಮದುವೆ ಮಾಡ್ಕೊ."

"ಹೂನಣ್ಣ. ಕೊಡೋರು ಕೊಟ್ಟ ತಕ್ಷಣ ನಂದನ್ನ ಬಿಡ್ಬೇಕು."

ಮದುವೆಯ ದಿನ ಬಂತು. ಛತ್ರ ತುಂಬ ಜನ. ಗಂಡನ್ನು ಹಸೆಮಣೆಗೆ ಕರೆದುಕೊಂಡು ಬನ್ನಿ ಅಂದರು ಪುರೋಹಿತರು, ಆದರೆ ಕರೆದುಕೊಂಡು ಬರಬೇಕಾದವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮರಿಸಿದ್ದ ಪೇಟ ಸರಿಮಾಡಿಕೊಂಡು ತಾನೇ ಬಂದ. ಮಣೆ ಖಾಲಿ ಇತ್ತು. ಕೊಡುವವರು ಯಾರೂ ಕಾಣಲಿಲ್ಲ. ಸರಿ, ಇವನಿಗೆ ದಾರಿ ಗೊತ್ತಿತ್ತು.

"ಈ ಮಣೇಲಿ ಯಾರಾದ್ರೂ ಇದೀರಾ?"

ಮಂಟಪದ ಕಂಬಕ್ಕೆ ಒರಗಿದ್ದ ಕೆಂಪರಾಜುವಿಗೆ ತಮಾಷೆ ಮಾಡಬೇಕು ಅನ್ನಿಸಿತು. ಬಂದು ಮಣೆಯ ಮೇಲೆ ಕೂತೇಬಿಟ್ಟ.

"ನಾನಿದೀನಿ ಕಣಯ್ಯ. ಮಣೆ ನಂದು."

"ನಂದು ಭಾವ," ಅಂದ ಮರಿಸಿದ್ದ, ಒಂದು ಸಲ.

"ನಂದು."

"ಇರ್ಲಿ ಬಿಡಿ ಭಾವ," ಅಂತ ಮರಿಸಿದ್ದ ಬಾಸಿಂಗವನ್ನು ಬಿಚ್ಚಿ ಭಾವನ ಹಣೆಗೇ ಕಟ್ಟಿ, ಬೇರೆ ಜಾಗ ನೋಡಿಕೊಳ್ಳಲು ಹೊರಟುಹೋದ.

ಕೆಂಪರಾಜು ಏಳುವಷ್ಟರಲ್ಲಿ ಎದುರಿಗೆ ಅಂತರಪಟ ಹಿಡಿದರು. ಪುರೋಹಿತರಿಗೆ ವಯಸ್ಸಾಗಿತ್ತು, ಕಣ್ಣು ಮಂದ. ಅವರಿಗೆ ಬಾಸಿಂಗ ಕಂಡಿತು, ಅಷ್ಟು ಸಾಕಾಗಿತ್ತು. ಭುಜ ಅದುಮಿ ಕೂರಿಸಿ ಮಂತ್ರ ಶುರು ಮಾಡಿದರು. ಕೆಂಪರಾಜು ಬಾಯಿ ಬಿಡಲು ಹೋದಾಗಲೆಲ್ಲ, ಮಂತ್ರದ ಮಧ್ಯೆ ಮಾತಾಡಬಾರದು ಅಂತ ಗದರಿದರು. ಓಲಗದವರು ಬೇರೆ ಊದತೊಡಗಿದರು. ಅಂತರಪಟದ ಆ ಕಡೆ ರಾಜಮಣಿಯನ್ನು ತಂದು ನಿಲ್ಲಿಸಿದರು. ಅವಳಿಗೆ ಬಟ್ಟೆಯ ಕೆಳಗಿನಿಂದ ಗಂಡಿನ ಕಾಲು ಕಂಡಿತು. ಚಿಕ್ಕಂದಿನಿಂದ ತನ್ನನ್ನು ಒದ್ದ ಕಾಲು, ಗುರುತು ಹಿಡಿಯದೆ ಇರುತ್ತಾಳೆಯೇ?

"ಆ ಮಣೇಲಿ ಯಾರಿದೀರಾ?"

ಕೆಂಪರಾಜು ಕಾಲು ಒಳಗೆ ಎಳೆದುಕೊಂಡ.

"ಆ ಮಣೇಲಿ ಯಾರಿದೀರಾ?"

ಕೆಂಪರಾಜುವಿನ ಹಣೆಯಿಂದ ಬೆವರು ಇಳಿದು ಬಾಸಿಂಗ ಜಾರಿತು. ಮೂರನೇ ಸಲ ಕೇಳುವ ಬದಲು ರಾಜಮಣಿ ಅಂತರಪಟ ಎಳೆದೇ ಹಾಕಿದಳು. ಛತ್ರದ ತುಂಬ ಹೋ ಅಂತ ನಗು ಎದ್ದಿತು. ಚಿಕ್ಕತಾಯಮ್ಮ ಮಾತ್ರ ನಗಲಿಲ್ಲ. ಮುಹೂರ್ತ ಮೀರುತ್ತಿತ್ತು. ಸಿಕ್ಕಿದ್ದ ಒಂದೇ ಒಂದು ಜಾಗವನ್ನೂ ಮಗ ಬಿಟ್ಟುಕೊಟ್ಟು ಹೋದನಲ್ಲ ಅಂತ ಅವಳ ಜೀವ ಬಾಯಿಗೆ ಬಂದಿತ್ತು.

ರಾಜಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಕಿಕೊಂಡು ಹೊರಟಳು. ಊಟದ ಮನೆಯಲ್ಲಿ ಮೊದಲ ಪಂಕ್ತಿಯ ತುದಿ ಎಲೆಯ ಮುಂದೆ ಮದುವೆ ಗಂಡು ಕೂತಿದ್ದ. ಕೋಸಂಬರಿ ಬಡಿಸಿಯಾಗಿತ್ತು.

"ಇಲ್ಯಾಕೆ ಕೂತಿದೀರಾ?"

"ಮೂರು ಸಲ ಕೇಳ್ದೆ. ಈ ಎಲೇಲಿ ಯಾರೂ ಇರ್ಲಿಲ್ಲ."

ಬೇರೆ ಹುಡುಗಿಯಾಗಿದ್ದರೆ ಬೈಯುತ್ತಿದ್ದಳು, ಇಲ್ಲ ಅಳುತ್ತಿದ್ದಳು. ರಾಜಮಣಿ ಅವನ ಎದುರು ನಿಂತು, ಇಡೀ ಊಟದ ಮನೆಗೆ ಕೇಳುವ ಹಾಗೆ ಹೇಳಿದಳು.

"ಸರಿಯಾಗಿ ಕೇಳಿಸ್ಕೊಳಿ. ಜಾಗ ಕೊಡೋಳು ನಾನು. ಇವತ್ತಿಂದ ನಿಮ್ಮ ಜಾಗ ನನ್ನ ಪಕ್ಕ. ಯಾರು ನಂದು ಅಂದ್ರೂ ಬಿಡ್ಬಾರ್ದು. ಇದು ನೀವಾಗಿ ಹಿಡ್ಕೊಂಡಿದ್ದಲ್ಲ, ನಾನು ಕೊಟ್ಟಿದ್ದು."

ಮರಿಸಿದ್ದ ಎಲೆ ಬಿಟ್ಟು ತಟ್ಟನೆ ಎದ್ದ. ಕೋಸಂಬರಿಯನ್ನೂ ಬಿಟ್ಟ. ಹೋಗಿ ಅವಳ ಪಕ್ಕ ನಿಂತ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಚಿಕ್ಕತಾಯಮ್ಮನ ಕಣ್ಣಲ್ಲಿ ಧಾರಾಕಾರ ನೀರು. ಇಷ್ಟು ವರ್ಷ ಅವಳು ಯಾವ ಮಾತನ್ನು ಯಾರ ಬಾಯಿಂದಲಾದರೂ ಕೇಳಬೇಕು ಅಂತ ಕಾದಿದ್ದಳೋ ಆ ಮಾತು ಇವತ್ತು ಕೇಳಿಸಿತ್ತು. ತಾಳಿ ಬಿತ್ತು, ಅಕ್ಷತೆ ಬಿತ್ತು, ಸಾಬರು ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದು ಎರಡು ಸಲ ಪಾಯಸ ಹಾಕಿಸಿಕೊಂಡರು, ಎರಡನೆಯದು ಅಂಗಿಯ ಮೇಲೂ ಚೆಲ್ಲಿತು.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಮುಗಿಸಲು ಮರಿಸಿದ್ದ ಬಿಡಬೇಕಲ್ಲ.

ಸೋಮವಾರ ಅಂಗಡಿ ತೆರೆಯಿತು. ಸ್ಟೂಲು ಖಾಲಿ. ಸಾಬರು ಮಧ್ಯಾಹ್ನದವರೆಗೆ ಕಾದರು, ಆಮೇಲೆ ಹುಡುಕುತ್ತ ಹೊರಟರು. ಕೋಟೆ ಬೀದಿಯ ಹೊಲಿಗೆ ತರಗತಿಯಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗುತ್ತ ಕೂತಿದ್ದರು. ಅವರ ನಡುವೆ, ರಾಜಮಣಿಯ ಪಕ್ಕದಲ್ಲಿ, ಮರಿಸಿದ್ದ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದ.

"ಅಂಗಡಿ ಸ್ಟೂಲು ಯಾರೋ ನೋಡ್ಕೊತಾರೆ?"

"ಅದು ನಾನಾಗಿ ಹಿಡ್ಕೊಂಡಿದ್ದಲ್ವಾ ಅಣ್ಣ? ಕೊಡೋರು ಕೊಟ್ಟ ತಕ್ಷಣ ನಂದನ್ನ ಬಿಡ್ಬೇಕು ಅಂದ್ರಲ್ಲ."

ಸಾಬರು ತಲೆ ಕೆರೆದುಕೊಂಡರು. ಇದರಲ್ಲಿ ತಪ್ಪು ಎಲ್ಲಿದೆ ಅಂತ ಅವರಿಗೇ ಸಿಗಲಿಲ್ಲ. ಕೊನೆಗೆ ರಾಜಮಣಿಯೇ ಗಂಡನಿಗೆ ಹೇಳಿದಳು, ನಡೀರಿ, ಅಂಗಡಿವರೆಗೂ ನಾನೇ ಬಿಟ್ಟು ಬರ್ತೀನಿ, ಅಲ್ಲಿ ಆ ಸ್ಟೂಲನ್ನೂ ನಾನೇ ಕೊಡ್ತೀನಿ ಅಂತ. ಮೂವರೂ ಹೊರಟರು.

ದಾರಿಯಲ್ಲಿ ಹೊಂಗೆ ಮರ. ಚಿಕ್ಕತಾಯಮ್ಮ ಸಾಬರ ಪಾಯಸದ ಕಲೆ ಒಗೆದು, ಅದೇ ಹೊಸ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಮಗ ಸೊಸೆ ಜೊತೆಯಾಗಿ ಟಾರು ರಸ್ತೆ ದಾಟಿ ಬರುವುದು ಕಂಡಿತು. ಇನ್ನು ನಾನಿಲ್ಲದಿದ್ದರೂ ಇವನಿಗೆ ರಸ್ತೆ ದಾಟಿಸುವವರಿದ್ದಾರೆ ಅಂತ ಅವಳಿಗೆ ಎದೆ ತುಂಬಿ ಬಂತು. ಕೈಲಿದ್ದ ಪೆಟ್ಟಿಗೆಯನ್ನು ಮರೆತು ಅಲ್ಲೇ ಬಿಟ್ಟು, ಓಡಿ ಬಂದು ಸೊಸೆಯ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು. ಸಾಬರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು, ನಕ್ಕರು.

ಮರಿಸಿದ್ದ ಮಾತ್ರ ಹೆಂಡತಿಯ ಪಕ್ಕ ಬಿಡದೆ ನಿಂತು ಗಾಡಿಯ ಕಡೆಗೇ ನೋಡುತ್ತಿದ್ದ. ಹೊಗೆ ಬಂತು, ನೋಡಿದ. ವಾಸನೆ ಬಂತು, ನೋಡಿದ.